ನಮ್ಮೂರಿನ ಹೆಸರು ಹೇಳ್ತೀರಾ?

ದಾಂಡೇಲಿ. ಈ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಸೋದರಿಯರೇ. ಮೊದಲು ದಾಸವಾಳದ ‘ದ’, ಆಮೇಲೆ ಡಬ್ಬಿಯ ‘ಡ’. ನಿಮಗೇನೂ ಕಷ್ಟವಾಗಲಿಲ್ಲ, ಅಲ್ಲವೇ? ಕನ್ನಡದಲ್ಲಿ ಬರೆದದ್ದನ್ನು ಹಾಗೇ ಓದಿದಿರಿ, ಮುಗಿಯಿತು. ಇಂಗ್ಲಿಷಿನಲ್ಲಾದರೋ ಈ ಎರಡಕ್ಕೂ ಇರುವುದು ಒಂದೇ ಒಂದು ‘ಡಿ’. ಅದಕ್ಕೇ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು ಬರುವವರಲ್ಲಿ ಕೆಲವರು ‘ಡಂಡೇಲಿ’ಗೆ ಬಂದಿಳಿಯುತ್ತಾರೆ, ಇನ್ನು ಕೆಲವರು ‘ದಂದೇಲಿ’ಗೆ. ದಾಂಡೇಲಪ್ಪನಿಂದ ಊರಿಗೆ ಈ ಹೆಸರು ಬಂತು ಅನ್ನುವುದು ಇಲ್ಲಿಯವರ ನಂಬಿಕೆ. ಅವನೇ ಕೇಳಿಸಿಕೊಂಡರೂ ತನ್ನ ಊರೆಂದು ಗುರುತು ಹಿಡಿಯಲಾರ!

ನಮ್ಮವರು ನಿವೃತ್ತರಾದ ಮೇಲೆ ಮನೆಯ ಹಿಂಬದಿಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಿದ್ದೇವೆ. ಊಟ-ತಿಂಡಿ ನನ್ನ ಕೈಯದೇ. ಹೀಗಾಗಿ ಬಡಿಸುತ್ತ ಬಡಿಸುತ್ತ ನಮ್ಮ ಸುತ್ತಲಿನ ಊರುಗಳಿಗೆ ಎಷ್ಟು ಹೊಸ ಹೆಸರುಗಳು ಹುಟ್ಟುತ್ತಿವೆಯೆಂದು ಕೇಳುವ ಭಾಗ್ಯ ನನ್ನದು. ಹಳಿಯಾಳ ‘ಹಲಿಯಲ್’ ಆಗುತ್ತದೆ. ಜೋಯ್ಡಾದ ಇಂಗ್ಲಿಷ್ ಅಕ್ಷರಗಳಲ್ಲಿ ‘ಜಾಯ್’ ಕಾಣುತ್ತದಾದ್ದರಿಂದ ಅದು ‘ಜಾಯ್ಡಾ’. ಚನ್ನಬಸವಣ್ಣನ ಉಳವಿ ‘ಉಲ್ವಿ’. ಮುಂಡಗೋಡದ ಕೊನೆಯಲ್ಲಿ ಇಂಗ್ಲಿಷಿನ ದೇವರೇ ಕೂತಿದ್ದಾನೆ, ನೋಡಿ. ‘ಮಂಡ್‌ಗಾಡ್’ ಅಂತಾರೆ! ಅಲ್ಲಿ 1966ರಿಂದ ಟಿಬೆಟಿನವರು ನೆಲೆಸಿದ್ದಾರೆ, ದೊಡ್ಡ ದೊಡ್ಡ ಬೌದ್ಧ ಮಠಗಳಿವೆ. ಅದಕ್ಕೇ ಈ ಹೆಸರು ಬಂದಿರಬೇಕೆಂದು ಒಬ್ಬರು ನನಗೇ ವಿವರಿಸಿದರು. ಅಲ್ಲೇ ಹುಟ್ಟಿ ಬೆಳೆದ ಟಿಬೆಟಿನ ಹುಡುಗರು ಮಾತ್ರ ‘ಮುಂಡಗೋಡ’ ಎಂದು ಸ್ವಚ್ಛವಾಗಿ ಹೇಳುವುದನ್ನು ನಾನೇ ಕೇಳಿದ್ದೇನೆ. ಅವರ ವಸತಿಗೆ ಅವರಿಟ್ಟುಕೊಂಡ ಹೆಸರು ದೋಗುಲಿಂಗ್. ಸುತ್ತಲಿನ ಜನ ‘ಕ್ಯಾಂಪ್’ ಎಂದೇ ಮುಗಿಸಿಬಿಡುತ್ತಾರೆ, ಅದು ಬೇರೆ ಮಾತು.

ನಮ್ಮಲ್ಲೇ ಎಲ್ಲರೂ ಒಂದೇ ರೀತಿ ಹೇಳುತ್ತಾರೆಂದಲ್ಲ. ಹಳಿಯಾಳಕ್ಕೆ ಮರಾಠಿ ಮಾತಾಡುವವರು ‘ಹಲ್ಯಾಳ’ ಅನ್ನುತ್ತಾರೆ. ಅದು ಅವರ ಮನೆಯ ಮಾತು, ಅದರಲ್ಲೂ ಕೊನೆಯ ‘ಳ’ ಗಟ್ಟಿಯಾಗಿದೆ. ನನ್ನ ತಕರಾರು ಇರುವುದು ‘ಳ’ವನ್ನು ನುಂಗುವವರ ಮೇಲೆ. ಅಡುಗೆಮನೆಯಲ್ಲಿ ನಿಂತು ಯೋಚಿಸಿ: ಬೇಳೆ ‘ಬೇಲೆ’ಯಾದರೆ, ಹೋಳಿಗೆ ‘ಹೋಲಿಗೆ’ಯಾದರೆ ರುಚಿ ಉಳಿದೀತೇ? ಇಂಗ್ಲಿಷ್ ಶಾಲೆಯಲ್ಲಿ ಕಲಿತ ಬೆಂಗಳೂರಿನ ಹುಡುಗಿಯೊಬ್ಬಳು ಊಟದ ನಡುವೆ, ‘ಆಂಟಿ, ಇನ್ನೊಂದ್ ಸ್ವಲ್ಪ ಹುಲಿ ಹಾಕಿ’ ಎಂದಳು. ನಮ್ಮವರು ‘ಹುಲಿ ಬೇಕಂದ್ರ ಕಾಡಿಗೇ ಹೋಗಬೇಕವಾ’ ಎಂದರು. ನಮ್ಮದು ಹುಲಿ ಸಂರಕ್ಷಿತ ಪ್ರದೇಶ ತಾನೇ!

2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ತಿದ್ದಿತು. ಹುಬ್ಳಿ ಹುಬ್ಬಳ್ಳಿಯಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು. ಒಳ್ಳೆಯದೇ. ಆದರೂ ಆ ಹೊಸ ಹೆಸರಿನಲ್ಲಿ ‘ಳ’ಕ್ಕೆ ಜಾಗ ಎಲ್ಲಿ ಸಿಕ್ಕಿತು ಹೇಳಿ? ಆ ಲಿಪಿಯಲ್ಲಿ ಅದಿಲ್ಲವೇ ಇಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ಕೋಣೆಯ ಬಾಗಿಲಿಗೆ ಊರುಗಳ ಹೆಸರನ್ನು ಕನ್ನಡದ ಕೆಳಗೆ ದೇವನಾಗರಿಯಲ್ಲೂ ಬರೆದು ಹಾಕಿದ್ದೇನೆ. ಮುಂಬಯಿಯವರು ಅದನ್ನು ಓದಿ ನೆಟ್ಟಗೆ ಹೇಳುತ್ತಾರೆ. ಹೈದರಾಬಾದಿನವರಿಗೆ ಅದೂ ಬೇಡ. ತೆಲುಗು ಲಿಪಿ ನಮ್ಮ ಲಿಪಿಯ ಅಕ್ಕನೋ ತಂಗಿಯೋ ಆಗಿರುವುದರಿಂದ ಕನ್ನಡವನ್ನೇ ಓದಿಕೊಳ್ಳುತ್ತಾರೆ.

ಒಮ್ಮೆ ಗಾಲ್ಫ್ ಆಡುವ ಹವ್ಯಾಸದ ಹಿರಿಯರೊಬ್ಬರು ಬಂದಿದ್ದರು. ಆಟಕ್ಕೆಂದೇ ಸ್ಕಾಟ್‌ಲೆಂಡಿಗೆ ಹೋಗಿ ಬಂದವರು. ಆ ಆಟಕ್ಕೆ ಅದೇ ತವರಂತೆ. ಅಲ್ಲಿ ಇವರ ಪಾಡು ನಮ್ಮ ಅತಿಥಿಗಳ ಪಾಡೇ! ಬರೆಯುವುದು ‘ಕಿರ್ಕ್‌ಕಾಲ್ಡಿ’, ಅಲ್ಲಿಯವರು ಹೇಳುವುದು ‘ಕರ್ಕಾಡಿ’. ‘ಮಿಲ್ನ್‌ಗಾವಿ’ ಎಂದು ಓದಿದರೆ ಅದು ‘ಮಲ್ಗಾಯ್’. ಟರ್ನ್‌ಬೆರಿಯ ಗಾಲ್ಫ್ ಮೈದಾನದಿಂದ ಸ್ವಲ್ಪ ದೂರದಲ್ಲಿ ಒಂದು ಕೋಟೆಯಿದೆ, ಬರಹದಲ್ಲಿ ‘ಕಲ್ಜಿಯನ್’, ಬಾಯಲ್ಲಿ ‘ಕಲೇನ್’. ನಡುವಿನ ‘ಜಡ್’ ಎಲ್ಲಿ ಹೋಯಿತು? ಹಳೆಯ ಸ್ಕಾಟ್ ಬರಹದಲ್ಲಿ ‘ಯ’ಕಾರದಂಥ ಧ್ವನಿಗೆ ಬೇರೆಯೇ ಅಕ್ಷರವಿತ್ತು. ಅಚ್ಚುಮೊಳೆಯಲ್ಲಿ ಅದಿಲ್ಲದ್ದಕ್ಕೆ ಮುದ್ರಕರು ಆಕಾರದಲ್ಲಿ ಅದನ್ನೇ ಹೋಲುವ ‘ಜಡ್’ ಹಾಕಿಬಿಟ್ಟರು. ನೋಡಿದಿರಾ, ಅಲ್ಲೂ ಒಂದು ಅಕ್ಷರ ಇಲ್ಲದ್ದೇ ಕಾರಣ. ಆದರೆ ಅಲ್ಲಿಯ ಜನ ಬಂದವರಿಗಾಗಿ ತಮ್ಮ ಬಾಯಿ ಬದಲಿಸಿಕೊಳ್ಳಲಿಲ್ಲ. ಬಂದವರೇ ಕಲಿಯುತ್ತಾರೆ.

ನನ್ನ ಸಂಕಟ ಇಲ್ಲೇ ಇರುವುದು. ನಮ್ಮ ಜೀಪು ಓಡಿಸುವ ಹುಡುಗರು, ರೆಸಾರ್ಟಿನಲ್ಲಿ ಕೆಲಸಕ್ಕೆ ನಿಂತವರು, ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ತಾವೂ ‘ಡಂಡೇಲಿ’ ಅನ್ನತೊಡಗಿದ್ದಾರೆ. ಕೇಳಿದರೆ, ‘ಅವರಿಗೆ ಹಂಗಂದ್ರೇನೇ ತಿಳೀತದ್ರೀ’ ಅಂತಾರೆ. ಹೊಟ್ಟೆಪಾಡು, ಬೈಯುವುದು ಹೇಗೆ?

ಇದೆಲ್ಲ ತಮಾಷೆ ಅಂತ ಬಿಡಬಹುದಿತ್ತು, ಸೂಪಾ ಒಂದು ಇಲ್ಲದಿದ್ದರೆ. ಸೂಪಾ ನಮ್ಮ ಅತ್ತೆಯ ತವರು. ಪಾಂಢರಿ ನದಿ ಕಾಳಿಯನ್ನು ಕೂಡುವ ಕಡೆ ಇದ್ದ ಊರು. ಈಗಿನ ಜೋಯ್ಡಾ ತಾಲ್ಲೂಕಿಗೆ ಮೊದಲು ಸೂಪಾ ತಾಲ್ಲೂಕೆಂದೇ ಹೆಸರಿತ್ತು. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು, ಊರು ನೀರಿನಡಿ ಹೋಯಿತು. ಎಷ್ಟೋ ಮನೆತನಗಳು ರಾಮನಗರಕ್ಕೆ ಬಂದವು. (ಬೆಂಗಳೂರಿನ ಹತ್ತಿರದ್ದಲ್ಲ, ಜೋಯ್ಡಾ ತಾಲ್ಲೂಕಿನದು.) ಮನೆ, ಅಂಗಳ, ತುಳಸಿಕಟ್ಟೆ ಯಾವುದೂ ಉಳಿಯಲಿಲ್ಲ. ಉಳಿದದ್ದು ಹೆಸರೊಂದೇ, ಅದೂ ಅಣೆಕಟ್ಟಿನ ಮೇಲೆ.

ಕಳೆದ ಚಳಿಗಾಲದಲ್ಲಿ ಬಂದಿದ್ದ ಹುಡುಗನೊಬ್ಬ ತಿಂಡಿಗೆ ಕೂತವನು ‘ಇವತ್ತು ಸೂಪರ್ ಡ್ಯಾಮ್ ನೋಡ್ಬೇಕು’ ಎಂದ. ಅಷ್ಟು ದೊಡ್ಡ ಡ್ಯಾಮಿಗೆ ಅದೇ ಹೆಸರೆಂದು ತಿಳಿದಿದ್ದನಂತೆ. ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿ, ‘ಸೂಪಾ. ಅದು ಊರಪ್ಪಾ’ ಅಂದರು. ಹುಡುಗ ತಿಂಡಿ ಬಿಟ್ಟು ಅವರ ಹತ್ತಿರ ಹೋಗಿ ಕೂತ. ಪೇಟೆ ಎಲ್ಲಿತ್ತು, ಹೊಳೆಗೆ ಇಳಿಯುವ ದಾರಿ ಎಲ್ಲಿತ್ತು, ಎಲ್ಲ ಕೇಳಿದ. ನನಗೂ ಹೇಳಿರದ ಎಷ್ಟೋ ಸಂಗತಿಗಳನ್ನು ಅತ್ತೆ ಅವನಿಗೆ ಹೇಳಿದರು.

ಹೊರಡುವಾಗ ಅವನು ‘ಸೂಪಾಕ್ಕೆ ಹೋಗಿ ಬರ್ತೀವಿ, ಅಜ್ಜಿ’ ಎಂದ.

‘ಹೋಗಿ ಬರ್ರಿ. ನೀರಿನ ಅಂಚಿಗೆ ಇಳೀಬ್ಯಾಡ್ರಿ’ ಎಂದರು ಅತ್ತೆ.