ಬಿದ್ದ ಬೋಲ್ಟಿನ ಸಪ್ಪಳ

ಎರಡು ತಿಂಗಳು ನನ್ನ ಗಾಡಿ ಭೂಸನೂರಿಗೆ ಗಡಿಯಾರವಾಗಿತ್ತು. ಸಂಜೆ ಆಳಂದದಿಂದ ಹೊರಟು ಊರಿನ ಹೊಲಗಳು ಶುರುವಾಗುವಷ್ಟರಲ್ಲೇ ಅದರ ‘ಪಟಪಟ’ ನನಗಿಂತ ಮುಂದೆ ಓಡಿ ಮನೆ ಸೇರುತ್ತಿತ್ತು. ಅವ್ವ ಅದನ್ನು ಕೇಳಿ ಒಲೆಯ ಮೇಲೆ ಹಂಚಿಡುತ್ತಿದ್ದಳು. ನಾನು ಕೈಕಾಲು ತೊಳೆದು ಕೂಡುವುದಕ್ಕೂ ಮೊದಲ ಜೋಳದ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ಶುರುವಾದದ್ದು ಕಬ್ಬಿನ ಹಂಗಾಮಿನಲ್ಲಿ. ಸಕ್ಕರೆ ಕಾರ್ಖಾನೆ ಇರುವ ಊರಲ್ಲಿ ಆ ಕಾಲಕ್ಕೆ ಯಾವ ಸಪ್ಪಳ ಯಾರದೆಂದು ಹೇಳುವುದು ಕಷ್ಟ. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಅವುಗಳಲ್ಲಿ ಎದೆ ನಡುಗಿಸುವ ಹಾಡು. ಆ ಗದ್ದಲದೊಳಗೆ ನನ್ನ ನೂರು ಸಿಸಿ ಗಾಡಿಯ ಗಂಟಲು ಕೆಟ್ಟದ್ದು ನನಗೇ ತಿಳಿಯಲಿಲ್ಲ. ಹಂಗಾಮು ಮುಗಿದು ರಸ್ತೆ ತೆರವಾದ ಮೇಲೆ ನಾನು ಸಾಲೆಯ ಗೇಟಿನಲ್ಲಿರುವಾಗಲೇ ಮಕ್ಕಳು ‘ಮಾಸ್ತರ ಬಂದ್ರು’ ಎಂದು ಪುಸ್ತಕ ತೆಗೆಯತೊಡಗಿದಾಗ ಅನುಮಾನ ಬಂತು.

ಬಗ್ಗಿ ನೋಡಿದೆ. ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವಲ್ಲಿ ಎರಡು ಸ್ಟಡ್ಡು ಇರಬೇಕು, ಒಂದೇ ಇತ್ತು. ಇನ್ನೊಂದರ ಜಾಗದಲ್ಲಿ ಕಾಡಿಗೆ ಬಳಿದಂತೆ ಮಸಿ. ನಾವು ಬಡಪೆಟ್ಟಿಗೆ ಗ್ಯಾರೇಜಿಗೆ ಹೋಗುವ ಜನರಲ್ಲ. ಕಟ್ಟಡದವರ ಹತ್ತಿರ ತಂತಿ ತಂದು ಬಿಗಿದೆ, ಎರಡೇ ದಿನಕ್ಕೆ ಅದು ಕೆಂಪಗೆ ಕಾದು ಸಡಿಲಾಯಿತು. ಅಂಟು ಮೆತ್ತಿದೆ, ಸುಟ್ಟು ಉದುರಿತು. ಆಕ್ಸಿಲೇಟರ್ ಬಿಟ್ಟಾಗಲಂತೂ ಲಗ್ನದ ಪಟಾಕಿ. ಹೊಗೆ ಜೋರಾಗಿ ಹೊರಗೆ ಹಾಯ್ದ ಹಿಂದೆಯೇ ಪೈಪಿನೊಳಗೆ ಒತ್ತಡ ತಗ್ಗಿ, ಸಂದಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಸುಡದೆ ಉಳಿದ ಪೆಟ್ರೋಲಿಗೆ ಆ ಗಾಳಿ ಸಿಕ್ಕರೆ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ. ಬೈಕಿನಲ್ಲಿ ಈ ಸೋರಿಕೆ ಬರೀ ನಾಚಿಕೆಯ ಮಾತು. ಕಾರಿನಲ್ಲಾದರೆ ಜೀವಕ್ಕೇ ಕುತ್ತು, ಏಕೆಂದರೆ ಒಳಗೆ ನುಸುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೊನೆಗೆ ಆಳಂದದ ಚಾಚಾನ ಗ್ಯಾರೇಜಿಗೆ ಹೋದೆ. ಅವರು ಮುರಿದ ಕಡೆ ನೋಡಲೇ ಇಲ್ಲ. ಸುತ್ತು ಹಾಕಿ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತರು.

“ಮಾಸ್ತರ್ರೇ, ಹಿಂದಿನ ಬೋಲ್ಟ್ ಎಲ್ಲದರಿ?”

“ಯಾವ ಬೋಲ್ಟ್, ಚಾಚಾ?”

“ಅದೇ ನಾ ಕೇಳ್ಲಿಕತ್ತಿದ್ದು!”

ಸೈಲೆನ್ಸರಿನ ಹಿಂಭಾಗವನ್ನು ಚೌಕಟ್ಟಿಗೆ ಹಿಡಿದಿಡುವ ಬೋಲ್ಟು ಯಾವತ್ತೋ ಬಿದ್ದುಹೋಗಿತ್ತಂತೆ. ಅಂದಿನಿಂದ ಇಡೀ ಪೈಪು ಮುಂದಿನ ಎರಡು ಸ್ಟಡ್ಡಿಗೆ ಜೋತುಬಿದ್ದು, ಪ್ರತಿ ತಗ್ಗಿಗೂ ಅವನ್ನು ಜಗ್ಗಿ ಜಗ್ಗಿ ಒಂದನ್ನು ಮುರಿದಿತ್ತು. ಬಿದ್ದ ಬೋಲ್ಟು ‘ಟಿಣ್’ ಅಂದಿರಬಹುದು, ಯಾರು ಕೇಳಿದ್ದಾರೆ?

ಅಜ್ಜ ನೆನಪಾದ. ಬಂಡಿ ಹೂಡುವ ಮೊದಲು ಎರಡೂ ಗಾಲಿಯ ಕಡೆಗೀಲನ್ನು ಕೈಯಿಂದ ಮುಟ್ಟಿ ನೋಡದೆ ಅವನು ಎತ್ತಿನ ಹಗ್ಗ ಹಿಡಿಯುತ್ತಿರಲಿಲ್ಲ. ಸೊಕ್ಕೇರಿದ ದೇಹವನ್ನು ಬಂಡಿಗೂ ಶಿವಭಕ್ತರ ಮಾತನ್ನು ಅದರ ಕಡೆಗೀಲಿಗೂ ಹೋಲಿಸಿದ ಜೇಡರ ದಾಸಿಮಯ್ಯನೂ ನಮ್ಮ ಸೀಮೆಯವನೇ, ಮುದನೂರಿನವನು. ನೇಯುವ ಮನುಷ್ಯನ ಕಣ್ಣಿಗೆ ಬಿದ್ದ ಕೀಲು, ದಿನವೂ ಗಾಡಿ ಹೊಡೆಯುವ ನನಗೆ ಬೀಳಲಿಲ್ಲ.

ಚಾಚಾ ಪೈಪು ಇಳಿಸಿದರು. ಸ್ಟಡ್ಡು ಎಂಜಿನ್ನಿನ ಹೆಡ್ಡಿನ ಸಮಕ್ಕೆ ತುಂಡಾಗಿತ್ತು, ಹಿಡಿಯಲು ಉಗುರಿನಷ್ಟೂ ಇಲ್ಲ. ಡೀಸೆಲ್ ಹನಿಸಿ, “ನಾಳಿ ಬರ್ರಿ” ಅಂದರು. ನಾನು ಅವಸರ ಮಾಡಿದ್ದಕ್ಕೆ, “ಇದು ಮುನಿಸಿಕೊಂಡ ಅಳಿಯ ಇದ್ದಂಗರಿ. ಜಬರದಸ್ತಿ ಮಾಡಿದ್ರ ಕೆಲಸ ಕೆಡ್ತದ” ಎಂದು ನಕ್ಕರು. ಸ್ಟಡ್ಡು ಉಕ್ಕು, ಹೆಡ್ಡು ಅಲ್ಯುಮಿನಿಯಂ. ಕಾದಾಗ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ದಿನಾ ಹಿಗ್ಗಿ ಕುಗ್ಗಿ ಎರಡೂ ಒಂದನ್ನೊಂದು ಕಚ್ಚಿಕೊಂಡಿರುತ್ತವೆ.

ಮರುದಿನ ತುಂಡಿನ ಮೇಲೆ ಒಂದು ನಟ್ಟು ಇಟ್ಟು, ಅದರ ತೂತಿನೊಳಗೆ ವೆಲ್ಡಿಂಗ್ ತುಂಬಿಸಿದರು. ಕಾವಿಗೆ ಹಿಡಿತ ಬಿಟ್ಟಿತು. ಪಾನಾ ಹಾಕಿ ಕಾಲು ಸುತ್ತು ಆಚೆ, ಅರೆ ಸುತ್ತು ಈಚೆ. ‘ಕಿರ್’ ಎಂದು ಹಳೇ ಬಾಗಿಲಿನಂತೆ ನರಳುತ್ತ ಸ್ಟಡ್ಡು ಹೊರಬಂತು. ಹೊಸ ಸ್ಟಡ್ಡು, ಹೊಸ ಪ್ಯಾಕಿಂಗು. ನಟ್ಟು ಬಿಗಿಯುವುದಕ್ಕೂ ಒಂದು ಪದ್ಧತಿ: ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಒಂದನ್ನೇ ಪೂರಾ ಬಿಗಿದರೆ ಪೈಪು ಹಿಡಿಯುವ ಪಟ್ಟಿ ವಾರೆಯಾಗಿ ಮತ್ತೆ ಸೋರುತ್ತದೆ. ಹಿಂದಿನ ಬೋಲ್ಟು ಕೊನೆಗೆ. ಅದನ್ನು ಡಬ್ಬಿಯೊಳಗೆ ಕೈಯಾಡಿಸಿ ತೆಗೆದರು, ತಟ್ಟನೆ ಕೂತಿತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪುಗಳ ಹಲ್ಲಿಗೆ ಒಂದೇ ಅಳತೆ ಇರಲೆಂದು ಹೇಳುವ ತನಕ ಕಾರ್ಖಾನೆಗೊಂದು ಅಳತೆಯಿತ್ತು. ಈಗ ಅವನ ಅಳತೆ ಹೋಗಿ ಮೆಟ್ರಿಕ್ ಬಂದಿದೆ, ಆದರೆ ಆಳಂದದ ಡಬ್ಬಿಯ ಬೋಲ್ಟು ಯಾರದೋ ಗಾಡಿಗೆ ಕೂಡುವ ಸುಖ ಅಲ್ಲಿಂದಲೇ ಬಂದದ್ದು. ಆ ಬೋಲ್ಟಿನ ಬೆಲೆ ಹತ್ತು ರೂಪಾಯಿ. ಉಳಿದ ಹಣವೆಲ್ಲ ಅದು ಇಲ್ಲದ್ದಕ್ಕೆ ಕೊಟ್ಟದ್ದು.

ಗಾಡಿ ಚಾಲೂ ಮಾಡಿ, ಕೂಡಿದಲ್ಲಿ ಸಾಬೂನಿನ ನೀರು ಹನಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಆ ಸಂಜೆ ತೊಗರಿ ಹೊಲಗಳ ನಡುವೆ ಗಾಳಿಯ ಸಪ್ಪಳ ಕೇಳುತ್ತ ಬಂದೆ. ಕೈಕಾಲು ತೊಳೆದು ಕೂತೆ. ಒಲೆ ತಣ್ಣಗಿತ್ತು. ಅವ್ವ ಕಟ್ಟೆಯ ಮೇಲೆ ನೆರೆಮನೆಯವಳ ಜೊತೆ ಹರಟುತ್ತಿದ್ದವಳು ಒಳಗೆ ಬಂದು ಬೆಚ್ಚಿದಳು.

“ಯಾವಾಗ ಬಂದಿಯೋ ಯಪ್ಪಾ? ಗಾಡಿ ಎಲ್ಲಿ ಬಿಟ್ಟು ಬಂದಿ?”

ಅಂದು ರೊಟ್ಟಿ ಅರ್ಧ ತಾಸು ತಡವಾಯಿತು. ಈಗ ಊರ ಹೊಲ ಬಂದಕೂಡಲೇ ಎರಡು ಸಲ ಹಾರ್ನ್ ಹೊಡೆಯುತ್ತೇನೆ.