ಗವಿಪುರದ ಇಳಿಜಾರಿನಲ್ಲಿ ಸುಬ್ಬಣ್ಣ

ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂವಿನವರು ಬುಟ್ಟಿ ಬಿಚ್ಚಿ ಮೊಳ ಹಾಕಲು ಶುರುಮಾಡುವ ಹೊತ್ತಿಗೆ ವಯಸ್ಸಾದವರ ನಡಿಗೆ ಅರ್ಧ ಮುಗಿದಿರುತ್ತದೆ. ಕಹಳೆ ಬಂಡೆಯ ಉದ್ಯಾನದಲ್ಲಿ, ಡಿ.ವಿ.ಜಿ.ಯವರ ಪ್ರತಿಮೆಯಿಂದ ಅಷ್ಟು ದೂರಕ್ಕೆ, ಮಫ್ಲರ್ ಸುತ್ತಿಕೊಂಡ ನಾಲ್ಕೈದು ಮಂದಿ ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿರುತ್ತಾರೆ. ಸಕ್ಕರೆ ಕಾಯಿಲೆ, ಪಿಂಚಣಿ, ಪರದೇಶದಲ್ಲಿರುವ ಮೊಮ್ಮಕ್ಕಳು ಎಂದು ಸುತ್ತಿ ಬರುವ ಮಾತು ಕಡೆಗೆ ಇತ್ತೀಚೆಗೆ ‘ಹೋದವರ’ ಹೆಸರಿಗೆ ಬಂದು ನಿಲ್ಲುತ್ತದೆ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬರು, ‘ಸರಿ, ಕಾಫಿಗೆ ನಡೀರಿ’ ಅನ್ನುತ್ತಾರೆ.

ಈ ಬಡಾವಣೆ ಹುಟ್ಟಿದ್ದೇ ಸಾವಿನ ಭಯದಿಂದ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ ಹಳೆಯ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಬದುಕುವುದೇ ಕಷ್ಟವಾಯಿತು. ಗಾಳಿ ಬೆಳಕು ಆಡುವ ಅಗಲವಾದ ರಸ್ತೆಗಳನ್ನು ಎಳೆದು ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬೆಳೆದದ್ದು ಆ ಬಳಿಕ. ಪೇಟೆಯ ಮಗ್ಗುಲಿನ ಚಾಮರಾಜಪೇಟೆ ಅದಕ್ಕೆ ಕೆಲವು ವರ್ಷ ಮೊದಲಿನದು. ನಿವೃತ್ತಿಯಾದ ಮೇಲೆ ಬಂದು ನೆಲೆಸಲು ಮೈಸೂರು ಸಂಸ್ಥಾನದ ಎಷ್ಟೋ ಅಧಿಕಾರಿಗಳು ಆರಿಸಿಕೊಂಡದ್ದು ಈ ಬೀದಿಗಳನ್ನು.

ಅವರಲ್ಲಿ ಒಬ್ಬರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ರಾಮಕೃಷ್ಣ ಆಶ್ರಮದ ವೃತ್ತದಿಂದ ಪಶ್ಚಿಮಕ್ಕೆ ಹೊರಳಿದರೆ ರಸ್ತೆ ಇಳಿಯುತ್ತಾ ಗವಿಪುರಕ್ಕೆ ಹೋಗುತ್ತದೆ. ಅವರ ಮನೆ ಅಲ್ಲಿತ್ತು. ಆ ಇಳಿಜಾರಿನಲ್ಲಿ ಅವರು ವರ್ಷಗಟ್ಟಲೆ ಹತ್ತಿ ಇಳಿದರು. ಪಂಚೆ, ಕೋಟು, ತಲೆಗೆ ರುಮಾಲು, ಕೈಯಲ್ಲಿ ಕೊಡೆ. ಸಂಜೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರ ಜೊತೆ ಇಸ್ಪೀಟು ಆಡುವುದು ಹಣ್ಣು ಹಣ್ಣು ಮುದುಕರಾದ ಮೇಲೂ ಅವರು ಬಿಡದ ಪರಿಪಾಠವಾಗಿತ್ತು.

ವಿಚಿತ್ರವೆಂದರೆ ಮುಪ್ಪು, ಪಶ್ಚಾತ್ತಾಪ, ಸಾವು ಇವುಗಳನ್ನು ಕುರಿತ ತಮ್ಮ ಪುಸ್ತಕವನ್ನು ಮಾಸ್ತಿಯವರು ಮುಪ್ಪಿನಲ್ಲಿ ಬರೆಯಲಿಲ್ಲ. ‘ಸುಬ್ಬಣ್ಣ’ ಪ್ರಕಟವಾದದ್ದು 1928ರಲ್ಲಿ. ಆಗ ಅವರಿಗೆ ಇನ್ನೂ 40 ತುಂಬಿರಲಿಲ್ಲ, ಸರಕಾರಿ ಕೆಲಸದಲ್ಲಿದ್ದರು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದ ಈ ಕಿರು ಕಾದಂಬರಿಯ ನಾಯಕ ಮೈಸೂರಿನ ಪೌರಾಣಿಕರೊಬ್ಬರ ಮಗ. ಅವನಿಗೆ ಬೇಕಾದದ್ದು ಸಂಗೀತ; ತಂದೆಗೆ ಅದು ಒಪ್ಪಿಗೆಯಿಲ್ಲ. ಮಾತಿಗೆ ಮಾತು ಬೆಳೆದು ಮನಸ್ಸು ಮುರಿದು, ಸುಬ್ಬಣ್ಣ ಹೆಂಡತಿಯೊಡನೆ ಊರು ಬಿಟ್ಟು ಉತ್ತರದ ಕಡೆಗೆ ಹೋಗುತ್ತಾನೆ. ಅಲ್ಲಿ ಅವನ ಹಾಡಿಕೆಗೆ ಮನ್ನಣೆ ಸಿಗುತ್ತದೆ, ಆದರೆ ಮಕ್ಕಳು ಉಳಿಯುವುದಿಲ್ಲ. ಮುಂದೆ ಹೆಂಡತಿಯೂ ತೀರಿಕೊಳ್ಳುತ್ತಾಳೆ. ಕಡೆಗೆ ದಕ್ಷಿಣಕ್ಕೆ ಮರಳುವ ಸುಬ್ಬಣ್ಣ ಒಂಟಿ.

ಇಷ್ಟೇ ಆಗಿದ್ದರೆ ಅದು ಬರೀ ಗೋಳಿನ ಕಥೆ. ಸುಬ್ಬಣ್ಣನ ದುಃಖಕ್ಕೆ ಇನ್ನೊಂದು ಮುಖವಿದೆ. ಕಳೆದುಕೊಂಡದ್ದರಲ್ಲಿ ಎಷ್ಟು ಪಾಲು ವಿಧಿಯದು, ಎಷ್ಟು ಪಾಲು ತನ್ನದು? ತಂದೆಯ ಮನೆಯ ಹೊಸ್ತಿಲನ್ನು ಅಂದು ದಾಟದೆ ಇದ್ದಿದ್ದರೆ? ವಯಸ್ಸಾದ ಯಾರನ್ನು ಕೇಳಿದರೂ ಇಂಥದೊಂದು ‘ಇದ್ದಿದ್ದರೆ’ ಸಿಗುತ್ತದೆ. ಮಾಸ್ತಿಯವರು ಈ ಪ್ರಶ್ನೆಗೆ ಉಪದೇಶದ ಉತ್ತರ ಕೊಡುವುದಿಲ್ಲ. ಕೀರ್ತಿಗಾಗಿ ಹಾಡುವುದು ನಿಂತ ಮೇಲೂ ಸುಬ್ಬಣ್ಣನಲ್ಲಿ ಸಂಗೀತ ಉಳಿಯುತ್ತದೆ. ನೋವು ಮಾಯವಾಗುವುದಿಲ್ಲ, ಮಾಗುತ್ತದೆ. ಸಾವು ಬರುವ ಹೊತ್ತಿಗೆ ಅವನಿಗೆ ಯಾರ ಮೇಲೂ ಸಿಟ್ಟಿಲ್ಲ, ತನ್ನ ಮೇಲೂ ಇಲ್ಲ.

ಕಾಗದದ ಮೇಲೆ ಹೀಗೆ ಬರೆದುಬಿಡುವುದು ಸುಲಭ ಎನ್ನಬಹುದು. ಬರೆದವರಿಗೂ ಪರೀಕ್ಷೆ ಬಂತು. 1914ರಲ್ಲಿ ಸಂಸ್ಥಾನದ ಸೇವೆಗೆ ಸೇರಿ ಎಕ್ಸೈಜ್ ಕಮಿಷನರ್ ಹುದ್ದೆಯವರೆಗೆ ಏರಿದ್ದ ಮಾಸ್ತಿಯವರನ್ನು ಬಿಟ್ಟು, ಅವರಿಗಿಂತ ಕಿರಿಯರಾದವರಿಗೆ ಮೇಲಿನ ಸ್ಥಾನ ಕೊಡಲಾಯಿತು. ಅವರು 1943ರಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಆಗ ಅವರಿಗೆ ಸುಮಾರು 52 ವರ್ಷ. ಅದೇ 1943ರಲ್ಲಿ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಹೊರಬಂತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೂ ಆ ವರ್ಷದ್ದೇ. ಇಂದು ಅಲ್ಲಿ ದೋಸೆಗೆ ಕಾಯುವವರು ಗೋಡೆಯ ಮೇಲಿನ ಸಾಹಿತಿಗಳ ರೇಖಾಚಿತ್ರಗಳನ್ನು ನೋಡುತ್ತಾ ಹೊತ್ತು ಕಳೆಯುತ್ತಾರೆ.

ಆ ಅವಮಾನವನ್ನೇ ಮೆಲುಕು ಹಾಕುತ್ತಾ ಉಳಿದ ಕಾಲ ನೂಕಬಹುದಿತ್ತು. ಉಳಿದ ಕಾಲವೇನು ಕಡಿಮೆಯಲ್ಲ, 43 ವರ್ಷ! ಮರುವರ್ಷ, 1944ರಲ್ಲಿ, ಮಾಸ್ತಿಯವರು ‘ಜೀವನ’ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ರಾಜ್ಯ ಕಳೆದುಕೊಂಡ ಕೊಡಗಿನ ಅರಸನ ಕಥೆ ‘ಚಿಕವೀರ ರಾಜೇಂದ್ರ’ ಪ್ರಕಟವಾದಾಗ ಅವರು 65ರ ಆಸುಪಾಸಿನಲ್ಲಿದ್ದರು. ‘ಭಾವ’ ಎಂಬ ಹೆಸರಿನಲ್ಲಿ ಮೂರು ಸಂಪುಟಗಳ ಆತ್ಮಕಥೆ ಬರೆದರು. ಕನ್ನಡಕ್ಕೆ ನಾಲ್ಕನೆಯದಾಗಿ ಬಂದ 1983ರ ಜ್ಞಾನಪೀಠ ಅವರಿಗೆ ಸಂದಾಗ 90 ದಾಟಿತ್ತು. ಆಗಲೂ ಗವಿಪುರದ ಆ ಮನೆ ಬಂದವರಿಗೆ ತೆರೆದೇ ಇತ್ತು.

ಇಳಿಜಾರಿನ ಕೊನೆಗೆ ಗವಿ ಗಂಗಾಧರೇಶ್ವರನ ಗುಡಿ. ಬಂಡೆಯನ್ನು ಕಡಿದು ಮಾಡಿದ ಗವಿ. ಅಂಗಳದಲ್ಲಿ ಕಲ್ಲಿನ ಸೂರ್ಯಪಾನ, ಚಂದ್ರಪಾನ, ತ್ರಿಶೂಲ, ಡಮರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗದ ಮೇಲೆ ಬೀಳುವುದನ್ನು ನೋಡಲು ಆವತ್ತು ಜನವೋ ಜನ. ಮಿಕ್ಕ ದಿನಗಳಲ್ಲಿ ಗುಡಿ ತಂಪಾಗಿ, ಅರೆಗತ್ತಲಲ್ಲಿ ಇರುತ್ತದೆ. ಒಳಗಿನ ಪ್ರದಕ್ಷಿಣೆಯ ದಾರಿಯಲ್ಲಿ ಮೇಲಿನ ಬಂಡೆ ಬಲು ತಗ್ಗು. ಎಳೆಯರಾಗಲಿ ಮುದುಕರಾಗಲಿ, ಬೆನ್ನು ಬಗ್ಗಿಸದೆ ದಾಟುವಂತಿಲ್ಲ.

ಈ ಬೀದಿಗಳಲ್ಲಿ ಈಗ ಅನೇಕ ಹಳೆಯ ಮನೆಗಳಿಲ್ಲ. ಜಗಲಿ, ಹಿತ್ತಲು, ತೆಂಗಿನಮರ ಇದ್ದ ಕಡೆ ಅಂತಸ್ತಿನ ಮೇಲೆ ಅಂತಸ್ತು ಎದ್ದಿವೆ. ಇಬ್ಬರೇ ಇರುವ ಮನೆಗಳಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರಿಗೆ ಸಂಜೆಯೇ ದೊಡ್ಡ ಕಷ್ಟ. ಪಾರ್ಕಿನ ಬೆಂಚು, ಭಜನೆ, ಚಾಮರಾಜಪೇಟೆಯ ರಾಮನವಮಿ ಸಂಗೀತ ಇಂಥವರನ್ನು ಹೊಸ್ತಿಲಾಚೆಗೆ ಕರೆಯುತ್ತವೆ. ಸುಬ್ಬಣ್ಣನಿಗೆ ಸಂಗೀತ ಹೇಗೋ, ಇವರಿಗೆ ಇದು ಹಾಗೆ.

ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6ರಂದು. ತೀರಿಕೊಂಡದ್ದು 1986ರ ಜೂನ್ 6ರಂದು. ಸರಿಯಾಗಿ 95 ವರ್ಷ. ಎಂದೋ ತಾವು ಬರೆದ ಮುದುಕನಿಗಿಂತಲೂ ಮುದುಕರಾಗುವಷ್ಟು ಕಾಲ ಬದುಕಿದ್ದರು. ಗವಿಪುರದಿಂದ ಮೇಲೆ ಹತ್ತಿ ಬರುವ ಹಿರಿಯರು ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದನ್ನು ಇವತ್ತೂ ಕಾಣಬಹುದು. ನಿಂತು, ಹಿಂದಕ್ಕೊಮ್ಮೆ ನೋಡಿ, ಕೊಡೆಯೂರಿಕೊಂಡು ಮತ್ತೆ ನಡೆಯುತ್ತಾರೆ.