ದೇವಸುಗೂರಿನ ದಂಡೆಯಲ್ಲಿ ಹೆಲಿಕಾಪ್ಟರಿನ ಮಾತು

ರಾಯಚೂರಿನಿಂದ ಹೈದರಾಬಾದಿನ ದಾರಿ ಹಿಡಿದು ಸುಮಾರು 20 ಕಿಲೋಮೀಟರ್ ಹೋದರೆ ದೇವಸುಗೂರು. ಊರು ಇನ್ನೂ ದೂರವಿರುವಾಗಲೇ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ಕಾಣತೊಡಗುತ್ತವೆ. “ಬಂತ್ರೀ ಶಕ್ತಿನಗರ” ಎಂದು ಬಸ್ಸಿನೊಳಗಿನವರು ಗಂಟುಮೂಟೆ ಎಳೆದುಕೊಳ್ಳುತ್ತಾರೆ. ನೀವು ಅವಸರ ಮಾಡಬೇಡಿ. ಮೊದಲು ಸೂಗೂರೇಶ್ವರನ ದರ್ಶನ ಮಾಡಿ. ವೀರಭದ್ರನ ರೂಪವೇ ಈ ಸ್ವಾಮಿ ಎಂದು ಭಕ್ತರ ನಂಬಿಕೆ. ಈ ಸೀಮೆಯಲ್ಲಿ ಇಷ್ಟೊಂದು ಸೂಗಪ್ಪ, ಸೂಗಮ್ಮಂದಿರು ಏಕಿದ್ದಾರೆಂಬುದು ಆ ಗುಡಿಯ ಮುಂದೆ ನಿಂತಾಗ ತಾನೇ ತಿಳಿಯುತ್ತದೆ.

ಆಮೇಲೆ ಕೃಷ್ಣೆಯ ದಂಡೆಗೆ ಬನ್ನಿ. ಆಚೆ ದಡ ತೆಲಂಗಾಣ. ಬೇಸಗೆಯಲ್ಲಿ ಹೊಳೆ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿದಿರುತ್ತದೆ; ಮಳೆಗಾಲದಲ್ಲಿ ನೋಡಿದವರಿಗೆ ಇದೇ ಹೊಳೆಯೇ ಎನಿಸುತ್ತದೆ. ರಾಯಚೂರಿನ ಬಿಸಿಲು ಗೊತ್ತಲ್ಲ, ಸಂಜೆ ನಾಲ್ಕರ ಮೇಲೆ ಹೋಗುವುದೇ ಜಾಣತನ. ಬುತ್ತಿಗೆ ಕಟಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಇದ್ದರೆ ಸಾಕು.

ಆ ಹೊತ್ತಿಗೆ ದನಗಳು ಮನೆಗೆ ತಿರುಗುತ್ತವೆ. ನಾನು ಹೋದಾಗ ಒಬ್ಬ ಹೆಣ್ಣುಮಗಳು ನಾಲ್ಕು ಎಮ್ಮೆ, ಎರಡು ಆಕಳನ್ನು ಹೊಡೆದುಕೊಂಡು ಬರುತ್ತಿದ್ದಳು. ಕೈಯಲ್ಲಿ ಕೋಲು ಇತ್ತು, ಆದರೆ ಕೆಲಸ ಮಾಡುತ್ತಿದ್ದುದು ನಾಲಿಗೆ. ಹೆಸರು ಹಿಡಿದು ಕರೆದರೆ ಎಮ್ಮೆ ನೀರಿನಿಂದ ಎದ್ದು ಬರುತ್ತಿತ್ತು. ನನ್ನ ಜೊತೆಗಿದ್ದ ಅಕ್ಕ ಅದನ್ನೇ ನೋಡುತ್ತ, “ಅಲ್ಲವ್ವ, ದನ ಹೊಡಿಯಾಕ ಇಮಾನ ಯಾಕ ಬೇಕು ಅವ್ರಿಗೆ?” ಎಂದಳು.

ಅಕ್ಕನ ಮನೆ ಶಕ್ತಿನಗರದಲ್ಲಿ. ಅವಳ ಮಗ ದನದ ಡಾಕ್ಟರು, ಈಗ ಆಸ್ಟ್ರೇಲಿಯದ ಉತ್ತರ ಭಾಗದಲ್ಲಿದ್ದಾನೆ. ಹೆಲಿಕಾಪ್ಟರಿನ ಎರಡನೇ ಸೀಟಿನಲ್ಲಿ ಕುಳಿತು ತೆಗೆದ ಚಿತ್ರವನ್ನು ಫೋನಿಗೆ ಕಳಿಸಿದ್ದ. ಕೆಂಪು ಮಣ್ಣು, ಓಡುವ ದನಗಳು, ಕೈಗೆ ಎಟುಕುವಷ್ಟು ಹತ್ತಿರ ಗಿಡದ ತುದಿ. ಅದನ್ನು ನೋಡಿದಾಗಿನಿಂದ ಅವಳಿಗೆ ನಿದ್ದೆಯಿಲ್ಲ.

ಅಲ್ಲಿ ಹೆಲಿಕಾಪ್ಟರು ಏಕೆ ಬೇಕೆಂದರೆ, ಅವರ ಹೊಲಗಳು ನಮ್ಮ ಲೆಕ್ಕದವಲ್ಲ. ವಿಕ್ಟೋರಿಯ ರಿವರ್ ಡೌನ್ಸ್ ಎಂಬ ಒಂದೇ ದನದ ದೊಡ್ಡಿ ಸುಮಾರು 8,900 ಚದರ ಕಿಲೋಮೀಟರ್. ನಮ್ಮ ಇಡೀ ರಾಯಚೂರು ಜಿಲ್ಲೆಯೇ ಸುಮಾರು 8,400! ಅಲ್ಲಿನ ದನಕ್ಕೆ ಹೆಸರಿಲ್ಲ, ಕರೆದರೆ ಬರುವುದಿಲ್ಲ. ಮನುಷ್ಯರ ಮುಖವನ್ನೇ ಅಪರೂಪಕ್ಕೆ ಕಂಡಿರುತ್ತದೆ. ಹಿಂದೆ ಕುದುರೆಯ ಮೇಲೆ ವಾರಗಟ್ಟಲೆ ಅಲೆದು ಕೂಡಿಸುತ್ತಿದ್ದರು. ಈಗ ಮಳೆಯಿಲ್ಲದ ತಿಂಗಳುಗಳಲ್ಲಿ ಸಣ್ಣ ಹೆಲಿಕಾಪ್ಟರು ಗದ್ದಲ ಮಾಡುತ್ತ ಮೇಲಿನಿಂದ ಅಟ್ಟುತ್ತದೆ, ಕೆಳಗೆ ಮೋಟರ್‌ಸೈಕಲ್ಲು, ಕುದುರೆಯವರು ದಾರಿ ಹಿಡಿಸುತ್ತಾರೆ. ಹೆಚ್ಚಾಗಿ ಬಳಸುವುದು ರಾಬಿನ್ಸನ್ ಆರ್-22 ಎಂಬ ಇಬ್ಬರ ಯಂತ್ರ. ಜನ, ಎಣ್ಣೆ ಎಲ್ಲ ಸೇರಿ ತೂಕ ಸುಮಾರು 620 ಕಿಲೋ. ಅಂದರೆ ದೊಡ್ಡ ಎತ್ತಿನ ಜೋಡಿಗಿಂತ ಹಗುರ.

ಅಪಾಯ ಇರುವುದು ಎತ್ತರದಲ್ಲಲ್ಲ, ಎತ್ತರ ಇಲ್ಲದಿರುವುದರಲ್ಲಿ. ಇದು ಅಕ್ಕನಿಗೆ ವಿಚಿತ್ರ ಅನಿಸಿತು, ನಿಮಗೂ ಅನಿಸಬಹುದು. ಎಂಜಿನ್ ನಿಂತರೂ ಹೆಲಿಕಾಪ್ಟರು ಕಲ್ಲಿನಂತೆ ಬೀಳಬೇಕಾಗಿಲ್ಲ. ಚಾಲಕ ತಕ್ಷಣ ಕೈಹಿಡಿ ಇಳಿಸಿ ರೆಕ್ಕೆಗಳ ಓರೆಯನ್ನು ಕಡಿಮೆ ಮಾಡಿದರೆ, ಕೆಳಗಿಂದ ನುಗ್ಗುವ ಗಾಳಿಯೇ ಜಾತ್ರೆಯ ಗಿರಗಿಟ್ಟಲೆಯಂತೆ ಅವನ್ನು ತಿರುಗಿಸುತ್ತದೆ, ಹಾಗೇ ಇಳಿಯಬಹುದು. ಆದರೆ ಅದಕ್ಕೆ ಎತ್ತರ ಬೇಕು, ಇಲ್ಲವೆ ಓಟದ ವೇಗ ಬೇಕು. ಪೊದೆಯೊಳಗೆ ಅಡಗಿದ ಮೊಂಡು ಹೋರಿಯೊಂದನ್ನು ಹೊರಡಿಸಲು ಗಿಡದ ನೆತ್ತಿಯಲ್ಲಿ ನಿಂತೇ ತೂಗುವ ಚಾಲಕನಿಗೆ ಎರಡೂ ಇಲ್ಲ. ಆರ್-22ರ ರೆಕ್ಕೆ ಬಲು ಹಗುರ, ವೇಗ ಬೇಗ ಕಳೆದುಕೊಳ್ಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಕೈ ಆಡದಿದ್ದರೆ ಮುಗಿಯಿತು. ಕಣ್ಣೆಲ್ಲ ಹೋರಿಯ ಮೇಲಿರುವಾಗ ಹಿಂದಿನ ಬಾಲದ ರೆಕ್ಕೆ ಕೊಂಬೆಗೆ ತಗುಲುವುದೂ ಉಂಟು.

ಇನ್ನೊಂದು, ತಂತಿ. ಎದುರು ಬಿಸಿಲಿಗೆ ಅದು ಕಾಣುವುದೇ ಇಲ್ಲ. 2019ರ ಆಗಸ್ಟ್ 21ರಂದು ಉತ್ತರಕಾಶಿಯಲ್ಲಿ ನೆರೆ ಪರಿಹಾರಕ್ಕೆ ಹೋಗಿದ್ದ ಹೆಲಿಕಾಪ್ಟರು ಕೇಬಲ್ಲಿಗೆ ಸಿಕ್ಕಿ ಬಿದ್ದು ಮೂವರು ಸತ್ತರು. ದೇವಸುಗೂರಿನಲ್ಲಿ ತಲೆ ಎತ್ತಿ ನೋಡಿ: 1720 ಮೆಗಾವಾಟ್ ಸಾಮರ್ಥ್ಯದ ಕೇಂದ್ರದಿಂದ ಹೊರಟ ತಂತಿಗಳು ಆಕಾಶಕ್ಕೆ ಗೆರೆ ಎಳೆದಿವೆ. ಕಂಬ ಕಾಣುತ್ತದೆ, ಎರಡು ಕಂಬದ ನಡುವಿನ ತಂತಿ ಸಂಜೆಬೆಳಕಿನಲ್ಲಿ ಮಾಯ. ಅಕ್ಕ ಇಷ್ಟು ವರ್ಷ ಅದರ ಕೆಳಗೇ ಬಾಳಿದವಳು. ಅಂದು ಸುಮ್ಮನೆ ನಿಂತು ಬಹಳ ಹೊತ್ತು ನೋಡಿದಳು.

2024ರ ಜುಲೈ 25ರ ಸುದ್ದಿಯನ್ನು ಅವಳಿಗೆ ಹೇಳಲೋ ಬೇಡವೋ ಎಂದು ಅಳುಕಿತು. ಹೇಳಿಯೇ ಬಿಟ್ಟೆ. ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿ ಸೀಮೆಯ ಮೌಂಟ್ ಆಂಡರ್ಸನ್ ದೊಡ್ಡಿಯಲ್ಲಿ ದನ ಕೂಡಿಸಲು ಬೆಳಗ್ಗೆ ಎದ್ದ ಎರಡು ಆರ್-22ಗಳು, ಹಾರಿದ ಸ್ವಲ್ಪ ಹೊತ್ತಿಗೇ ಒಂದಕ್ಕೊಂದು ಡಿಕ್ಕಿ ಹೊಡೆದವು. ಇಬ್ಬರು ಚಾಲಕರೂ ಉಳಿಯಲಿಲ್ಲ. ಮೂವತ್ತರ ಆಸುಪಾಸಿನ ಹುಡುಗರು. ಈ ಕೆಲಸಕ್ಕೆ ಅಲ್ಲಿ ಬೇರೆಯೇ ತರಬೇತಿ, ಬೇರೆ ಪರವಾನಗಿ ಇದೆ. ಆದರೂ ಹೀಗೆ.

“ಹಂಗಾದ್ರ ನೌಕರಿ ಬಿಟ್ಟು ಬಾ ಅನ್ಲೇನು?” ಎಂದಳು ಅಕ್ಕ.

ಬೇಡ ಎಂದೆ. ಮಗ ಡಾಕ್ಟರು, ಅವನ ಕೆಲಸ ಬೇಲಿಯೊಳಗೆ ದನ ಸೇರಿದ ಮೇಲೆ. ಅಟ್ಟುವ ಹೊತ್ತಿನಲ್ಲಿ ಎರಡನೇ ಸೀಟಿನಲ್ಲಿ ಅವನಿಗೆ ಕೆಲಸವೇ ಇಲ್ಲ, ಯಂತ್ರಕ್ಕೆ ಅವನ ಭಾರ ಬೇರೆ. ಚಿತ್ರ ತೆಗೆಯುವ ಆಸೆಗೆ ಕೂರಬೇಡ ಎನ್ನು, ಒಂದು ಊರಿಂದ ಇನ್ನೊಂದಕ್ಕೆ ಹೋಗಲೇಬೇಕಾದರೆ ಮೇಲೆ ಎತ್ತರದಲ್ಲಿ ಹೋಗಲಿ ಎನ್ನು. ತಂತಿ ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತಿದೆಯೆ, ಎಷ್ಟು ಹೊತ್ತಿಗೆ ಮರಳುವುದೆಂದು ನೆಲದ ಮೇಲಿರುವ ಯಾರಿಗಾದರೂ ಹೇಳಿದ್ದಾರೆಯೆ, ಅದನ್ನೂ ಕೇಳು. ಸೋದರಿಯರೇ, ನಿಮ್ಮ ಮಕ್ಕಳು ಅಂಥ ಸೀಮೆಯಲ್ಲಿದ್ದರೆ ನೀವೂ ಕೇಳಬಹುದು. “ನಿನಗೇನು ತಿಳೀತದ ಅಮ್ಮಾ” ಅಂದರೆ ಬಿಡಬೇಡಿ.

ಕೃಷ್ಣೆಗೆ ನೆರೆ ಬಂದಾಗ ಇಲ್ಲಿನ ನಡುಗಡ್ಡೆಯ ಜನ ದನ ಬಿಟ್ಟು ದೋಣಿ ಹತ್ತಲು ಹಿಂದೆಮುಂದೆ ನೋಡುತ್ತಾರೆ. ದನಕ್ಕಾಗಿ ಜೀವ ಒತ್ತೆ ಇಡುವುದು ನಮಗೇನು ಹೊಸದಲ್ಲ ಬಿಡಿ.

ಅಲ್ಲಿಯ ಡಾರ್ವಿನ್ ಗಡಿಯಾರ ನಮಗಿಂತ ನಾಲ್ಕು ತಾಸು ಮುಂದು. ಅಕ್ಕ ದಂಡೆಯ ಮೇಲೆಯೇ ಫೋನು ತೆಗೆದಾಗ ನಮಗೆ ಆರು ಗಂಟೆ, ಅವನಿಗೆ ರಾತ್ರಿ ಹತ್ತು. ಹತ್ತು ನಿಮಿಷ ಮಾತಾಡಿದಳು. ಇಟ್ಟ ಮೇಲೆ, “ಹ್ಞೂಂ ಅಂದಾನ. ಖರೇ ಅಂದಾನೋ, ನನ್ನ ಸಮಾಧಾನಕ್ಕ ಅಂದಾನೋ” ಎನ್ನುತ್ತ ಬುತ್ತಿಯ ಗಂಟು ಬಿಚ್ಚಿದಳು.